ತಳವಾರನ ಮೇಲೆ ಯಾಕೆ ಸೀರಿಯಲ್ ಬರಲಿಲ್ಲ?

ಇಂಗ್ಲೆಂಡಿನಲ್ಲಿ ‘ಹಾರ್ಟ್‌ಬೀಟ್’ ಅಂತ ಒಂದು ಟೀವಿ ಧಾರಾವಾಹಿ ಇತ್ತು. 1992ರ ಏಪ್ರಿಲ್‌ನಲ್ಲಿ ಐಟಿವಿ ಚಾನೆಲ್ಲಿನಲ್ಲಿ ಶುರುವಾಗಿದ್ದು 2010ರ ಸೆಪ್ಟೆಂಬರ್‌ವರೆಗೆ ನಡೀತು. ಹದಿನೆಂಟು ಸರಣಿ, 372 ಕಂತು. ನಮ್ಮ ದಿನನಿತ್ಯದ ಸೀರಿಯಲ್‌ಗಳ ಲೆಕ್ಕದಲ್ಲಿ 372 ಕಂತು ಅಂದ್ರೆ ಒಂದೂವರೆ ವರ್ಷದ ಸರಕು, ಅಷ್ಟೆ. ಆದರೆ ವಾರಕ್ಕೊಂದೇ ಕಂತು ತೋರಿಸೋ ದೇಶದಲ್ಲಿ ಅದು ದೊಡ್ಡ ಆಯಸ್ಸು.

ಕತೆ ಏನು ಅಂತ ಕೇಳಿದ್ರೆ ಹೇಳೋಕೆ ಹೆಚ್ಚೇನಿಲ್ಲ. 1960ರ ದಶಕ. ಯಾರ್ಕ್‌ಶೈರಿನಲ್ಲಿ ಏಡನ್ಸ್‌ಫೀಲ್ಡ್ ಅನ್ನೋ ಕಾಲ್ಪನಿಕ ಹಳ್ಳಿ. ಲಂಡನ್ನಿನಿಂದ ಅಲ್ಲಿಗೆ ಬಂದ ನಿಕ್ ರೋವನ್ ಅನ್ನೋ ಪೇದೆ, ಅವನ ಡಾಕ್ಟರ್ ಹೆಂಡತಿ. ಠಾಣೆಯಲ್ಲಿ ಸಿಡುಕು ಮೂತಿಯ ಸಾರ್ಜೆಂಟು. ಊರಲ್ಲಿ ಗ್ರೀನ್‌ಗ್ರಾಸ್ ಅಂತ ಒಬ್ಬ ಮುದುಕ, ಕದ್ದು ಬೇಟೆ ಆಡ್ತಾನೆ, ಚಿಲ್ಲರೆ ಮೋಸ ಮಾಡ್ತಾನೆ, ಪ್ರತಿ ವಾರವೂ ಸಿಕ್ಕಿಬೀಳ್ತಾನೆ, ಪ್ರತಿ ವಾರವೂ ಜಾರಿಕೊಳ್ತಾನೆ. ಮೂಲದಲ್ಲಿ ಇವು ಪೀಟರ್ ವಾಕರ್ ಎಂಬ ನಿಜವಾದ ಯಾರ್ಕ್‌ಶೈರ್ ಪೊಲೀಸಿನವನು ನಿಕೊಲಸ್ ರಿಯಾ ಎಂಬ ಹೆಸರಲ್ಲಿ ಬರೆದ ಪುಸ್ತಕಗಳು. ಹೆಸರಿನಲ್ಲೂ ಒಂದು ಶ್ಲೇಷೆ ಇದೆ. ಹಾರ್ಟ್ ಅಂದ್ರೆ ಹೃದಯ, ಬೀಟ್ ಅಂದ್ರೆ ಪೊಲೀಸಿನವನ ಗಸ್ತು.

ಗಮನಿಸಬೇಕಾದ್ದು ಏನಂದ್ರೆ, ಈ ಸೀರಿಯಲ್ ತೋರಿಸೋ ಪೇದೆ ಆ ಕಾಲಕ್ಕೇ ಮರೆಯಾಗ್ತಾ ಇದ್ದ. 1967ರ ಹೊತ್ತಿಗೆ ಬ್ರಿಟನ್ ತನ್ನ ಪೊಲೀಸರನ್ನು ಕಾಲುನಡಿಗೆಯಿಂದ ಎಬ್ಬಿಸಿ ಕಾರಿನಲ್ಲಿ ಕೂರಿಸ್ತು, ಕೈಗೆ ವೈರ್‌ಲೆಸ್ ಕೊಡ್ತು. ಊರಲ್ಲೇ ಮನೆ ಮಾಡಿಕೊಂಡು, ಯಾರ ಹಸು ಯಾವುದು ಅಂತ ಗೊತ್ತಿದ್ದ ಪೇದೆ ನಿಧಾನವಾಗಿ ಇಲ್ಲವಾದ. ಇಪ್ಪತ್ತೈದು ವರ್ಷ ಆದ್ಮೇಲೆ ಜನ ಭಾನುವಾರ ಸಂಜೆ ಟೀವಿ ಮುಂದೆ ಕೂತು ಅವನನ್ನ ನೆನೆಸಿಕೊಂಡ್ರು. ಅವರು ನೆನೆಸಿಕೊಂಡಿದ್ದು ಪೊಲೀಸನ್ನಲ್ಲ, ತಮ್ಮನ್ನೆಲ್ಲ ಹೆಸರು ಹಿಡಿದು ಕರೀತಿದ್ದ ಒಬ್ಬ ಸರ್ಕಾರದ ಮನುಷ್ಯನನ್ನ.

ಈಗ ನಮ್ಮ ಕಡೆ ನೋಡಿ. ಕನ್ನಡದಲ್ಲಿ ಪೊಲೀಸ್ ಕತೆಗಳಿಗೇನೂ ಬರ ಇಲ್ಲ. ‘ಸಾಂಗ್ಲಿಯಾನ’ ಬಂತು. ರವಿ ಬೆಳಗೆರೆಯವರ ‘ಕ್ರೈಂ ಡೈರಿ’ ಈಟೀವಿಯಲ್ಲಿ ಬರೋ ಹೊತ್ತಿಗೆ ಬೀದಿ ಖಾಲಿಯಾಗ್ತಿತ್ತು. ಗೌರಿಬಿದನೂರಿನ ನಂಟಿರುವ ಟಿ.ಎನ್. ಸೀತಾರಾಂ ಅವರು ‘ಮಗಳು ಜಾನಕಿ’ಯಲ್ಲಿ ಒಬ್ಬ ಐಪಿಎಸ್ ಅಧಿಕಾರಿಣಿಯನ್ನೇ ನಾಯಕಿ ಮಾಡಿದ್ರು. ಹಿಂದಿಯ ‘ಸಿಐಡಿ’ ಇಪ್ಪತ್ತು ವರ್ಷ ಬಾಗಿಲು ಒಡೀತು. ಆದರೆ ಈ ಪಟ್ಟಿಯಲ್ಲಿ ಇರೋರೆಲ್ಲ ಒಂದೋ ಇನ್‌ಸ್ಪೆಕ್ಟರು, ಇಲ್ಲ ಎಸ್‌ಪಿ, ಇಲ್ಲ ಸಿಐಡಿ. ಎಲ್ಲರೂ ಜೀಪಿನಲ್ಲಿ ಹೊರಗಿಂದ ಬರೋರು. ಹಳ್ಳಿ ಕಾಣಿಸಿಕೊಳ್ಳೋದು ಹೆಣ ಬಿದ್ದಾಗ ಮಾತ್ರ. ಹಳ್ಳಿಯ ಒಳಗೇ ಇದ್ದು ಹಳ್ಳಿಯನ್ನ ಕಾಯ್ತಿದ್ದವನ ಮೇಲೆ ಒಂದು ಸೀರಿಯಲ್ ಕೂಡ ನೆನಪಿಗೆ ಬರಲ್ಲ.

ಹಾಗಾದ್ರೆ ನಮ್ಮಲ್ಲಿ ಅಂಥವನು ಇರಲೇ ಇಲ್ವಾ? ಇದ್ದ. ಶತಮಾನಗಳಷ್ಟು ಕಾಲ ಇದ್ದ. ಅವನ ಕತೆ ಟೀವಿಗೆ ಯಾಕೆ ಬರಲಿಲ್ಲ ಅನ್ನೋದಕ್ಕೆ ಒಂದು ಇತಿಹಾಸವೇ ಇದೆ. ಅದು ಅಷ್ಟೇನೂ ಹಿತವಾದ ಇತಿಹಾಸ ಅಲ್ಲ.

*

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯನ್ನೇ ತಗೊಳ್ಳಿ. ಇವತ್ತು ಆ ಹೆಸರು ಹೇಳಿದ್ರೆ ಬಹಳ ಜನಕ್ಕೆ ನೆನಪಾಗೋದು ಕೈಗಾರಿಕಾ ಪ್ರದೇಶ. ಆದರೆ ಹೆಸರಲ್ಲೇ ಒಂದು ಕುಂಟೆ ಇದೆ, ಅಂದ್ರೆ ಸಣ್ಣ ಕೆರೆ. ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಆಡೋ ಸೀಮೆ ಇದು. ಇಂಥ ಯಾವುದೇ ಊರಿಗೆ ಹೋಗಿ ಎಂಬತ್ತು ದಾಟಿದ ಯಾರನ್ನಾದರೂ ‘ನಿಮ್ಮ ಕಾಲದಲ್ಲಿ ಊರಿಗೆ ಪೊಲೀಸ್ ಯಾರು?’ ಅಂತ ಕೇಳಿ. ಠಾಣೆಯ ಹೆಸರು ಬರೋದಕ್ಕಿಂತ ಮುಂಚೆ ‘ತಳಾರಿ’ ಅನ್ನೋ ಮಾತು ಬಂದರೆ ಆಶ್ಚರ್ಯ ಇಲ್ಲ.

ತಳಾರಿ, ತಳವಾರ, ಎರಡೂ ಒಂದೇ. ಈ ಪದದ ಪಯಣವೇ ಒಂದು ಕತೆ. ಮೂರನೇ ಶತಮಾನದ ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ ‘ಮಹಾತಳವರ’ ಅಂತ ಒಂದು ಬಿರುದು ಬರುತ್ತೆ. ಆ ಬಿರುದು ಹೊತ್ತವರು ಸಾಮಾನ್ಯರಲ್ಲ, ರಾಜಮನೆತನದ ಹೆಣ್ಣುಮಕ್ಕಳನ್ನ ಮದುವೆಯಾದವರು, ಸೇನಾಪತಿಗಳು. ವಿಜಯನಗರದ ಕಾಲಕ್ಕೆ ಬಂದರೆ ತಳವಾರಿಕೆ ಅನ್ನೋದು ಊರಿನವರು ಕಾವಲಿಗಾಗಿ ಕಟ್ಟೋ ಒಂದು ತೆರಿಗೆಯ ಹೆಸರು. ಹತ್ತೊಂಬತ್ತನೇ ಶತಮಾನಕ್ಕೆ ಬರೋ ಹೊತ್ತಿಗೆ ತಳವಾರ ಅಂದ್ರೆ ಕೈಲೊಂದು ದೊಣ್ಣೆ, ಹೆಗಲ ಮೇಲೊಂದು ಕಂಬಳಿ, ಗೌಡರ ಮನೆ ಜಗುಲಿಯ ಕೆಳಗೆ ನಿಂತಿರೋ ಮನುಷ್ಯ. ಒಂದು ಪದ ಇಷ್ಟು ಮೆಟ್ಟಿಲು ಇಳಿದಿರೋದು ಅಪರೂಪ.

ಇದಕ್ಕಿಂತ ಹಳೆಯ ಕಾವಲಿನ ಕುರುಹು ಬೇಕಾದ್ರೆ ವೀರಗಲ್ಲು ನೋಡಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅವಕ್ಕೇನೂ ಕೊರತೆ ಇಲ್ಲ. ಎಷ್ಟೋ ಕಲ್ಲುಗಳು ತುರುಗೋಳಿನವು, ಅಂದ್ರೆ ಊರಿನ ದನ ಹೊಡೆದುಕೊಂಡು ಹೋಗೋಕೆ ಬಂದವರನ್ನ ತಡೆದು ಸತ್ತವರವು. ಕೆಳಗಿನ ಅಂಕಣದಲ್ಲಿ ಜಗಳ, ನಡುವಿನದರಲ್ಲಿ ಅಪ್ಸರೆಯರು ಅವನನ್ನ ಎತ್ತಿಕೊಂಡು ಹೋಗ್ತಿರೋದು, ಮೇಲಿನದರಲ್ಲಿ ಶಿವನ ಮುಂದೆ ಅವನು ಕೂತಿರೋದು. ಊರು ಕಾದವನಿಗೆ ಊರು ಕೊಟ್ಟ ಮೂರು ಕಂತಿನ ಧಾರಾವಾಹಿ ಅಂತ ಬೇಕಾದ್ರೆ ಅನ್ನಿ. ಆಮೇಲಿನ ಕಾವಲುಗಾರನಿಗೆ ಅದೂ ಸಿಗಲಿಲ್ಲ.

ಮೈಸೂರು ಸೀಮೆಯ ಹಳ್ಳಿ ನಡೀತಿದ್ದದ್ದು ಆಯಗಾರರಿಂದ. ಗೌಡ ಅಥವಾ ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ, ಹೀಗೆ ಹನ್ನೆರಡು ಜನ. ಸಂಬಳ ಇಲ್ಲ. ಸುಗ್ಗಿಯಲ್ಲಿ ಕಣದಿಂದ ಇಂತಿಷ್ಟು ಧಾನ್ಯ, ಅದೇ ಆಯ. ಜೊತೆಗೆ ಕೆಲವರಿಗೆ ಒಂದಿಷ್ಟು ಇನಾಂ ಜಮೀನು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಈ ಹನ್ನೆರಡರ ಪಟ್ಟಿ ಕೊಟ್ಟಿದ್ದಾನೆ. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಹೋದ ಐದನೇ ವರದಿಯಲ್ಲೂ ದಕ್ಷಿಣದ ಹಳ್ಳಿಗಳ ಬಗ್ಗೆ ಇದೇ ಥರದ ವಿವರ ಇದೆ. ತಳಾರಿ ಮತ್ತು ತೋಟಿಯ ಕೆಲಸವನ್ನ ಅದು ಬೇರೆ ಬೇರೆ ಮಾಡಿ ಹೇಳುತ್ತೆ. ತಳಾರಿಯದ್ದು ಅಪರಾಧದ ಸುಳಿವು ಹಿಡಿಯೋದು, ದಾರಿಹೋಕರನ್ನ ಮುಂದಿನ ಊರಿನವರೆಗೆ ಕಾದುಕೊಂಡು ಕಳಿಸೋದು. ತೋಟಿಯದ್ದು ಊರೊಳಗಿನ ಕೆಲಸ, ಪೈರು ಕಾಯೋದು, ಅಳತೆಗೆ ನೆರವಾಗೋದು.

ಅವನ ಕಸುಬಿನ ನಿಜವಾದ ಜಾಣತನ ಇದ್ದದ್ದು ಹೆಜ್ಜೆ ಹಿಡಿಯೋದರಲ್ಲಿ. ಹಳ್ಳಿಯ ಕಾವಲುಗಾರನ ಬಗ್ಗೆ ಬರೆಯುವಾಗ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಈ ಪದ್ಧತಿಯನ್ನ ವಿವರಿಸ್ತಾನೆ. ರಾತ್ರಿ ಕಳ್ಳತನ ಆಯ್ತು ಅಂದ್ರೆ ಬೆಳಿಗ್ಗೆ ಕಾವಲಿನವನು ಹೆಜ್ಜೆಗುರುತು ಹಿಡಿದು ಹೊರಡಬೇಕು. ಗುರುತು ಊರಿನ ಎಲ್ಲೆ ದಾಟಿ ಪಕ್ಕದ ಊರಿಗೆ ಹೋಗಿದೆ ಅಂತ ಅಲ್ಲಿನ ಕಾವಲುಗಾರನಿಗೆ ತೋರಿಸಿ ಒಪ್ಪಿಸಿದರೆ ಇವನ ಜವಾಬ್ದಾರಿ ಮುಗೀತು. ಅಲ್ಲಿಂದ ಮುಂದೆ ಅವನದ್ದು. ಒಪ್ಪಿಸೋಕಾಗಲಿಲ್ಲ ಅಂದ್ರೆ ಕಳುವಿಗೆ ಇವನೇ ಹೊಣೆ, ಎಷ್ಟೋ ಕಡೆ ನಷ್ಟವನ್ನೂ ಕಟ್ಟಿಕೊಡಬೇಕಾಗಿತ್ತು.

ಸ್ವಲ್ಪ ಯೋಚನೆ ಮಾಡಿ. ಎಲ್ಲೆಕಲ್ಲಿನ ಹತ್ತಿರ ಎರಡು ಊರಿನ ತಳವಾರರು ಮಣ್ಣಿನಲ್ಲಿ ಕೂತು ಒಂದು ಹೆಜ್ಜೆಗುರುತಿನ ಮೇಲೆ ವಾದ ಮಾಡ್ತಿದಾರೆ. ಒಬ್ಬ ‘ಹೋಗಿದೆ’ ಅಂತಾನೆ, ಇನ್ನೊಬ್ಬ ‘ಇದು ನಿಮ್ಮೂರವನದ್ದೇ, ವಾಪಸ್ ಬಂದಿದೆ’ ಅಂತಾನೆ. ಸೋತವನ ಮನೆಯ ರಾಗಿ ಹೋಗುತ್ತೆ. ಇದಕ್ಕಿಂತ ಒಳ್ಳೆ ಮೊದಲ ಕಂತು ಯಾವ ಸೀರಿಯಲ್‌ಗೆ ಬೇಕು?

*

ಆದರೆ ಈ ವ್ಯವಸ್ಥೆಯನ್ನ ಹೊಗಳೋಕೆ ಹೊರಟರೆ ತಪ್ಪಾಗುತ್ತೆ. ಏಡನ್ಸ್‌ಫೀಲ್ಡಿನ ಪೇದೆಗೂ ನಮ್ಮ ತಳವಾರನಿಗೂ ಇದ್ದ ವ್ಯತ್ಯಾಸ ಬಟ್ಟೆಯದ್ದಲ್ಲ. ಅವನಿಗೆ ಸಂಬಳ ಇತ್ತು, ವರ್ಗಾವಣೆ ಇತ್ತು, ಬೇಡ ಅಂದ್ರೆ ರಾಜೀನಾಮೆ ಕೊಡಬಹುದಿತ್ತು. ಇವನದ್ದು ಹುಟ್ಟಿನಿಂದ ಬಂದ ಕೆಲಸ. ತಳವಾರಿಕೆ ಬಹಳ ಕಡೆ ನಾಯಕ, ಬೇಡ ಸಮುದಾಯದ ಮನೆಗಳಿಗೆ, ತೋಟಿ ಕೆಲಸ ದಲಿತ ಮನೆಗಳಿಗೆ ಅಂಟಿಕೊಂಡಿತ್ತು. ಪಟೇಲಿಕೆ, ಶಾನುಭೋಗಿಕೆ ಮೇಲ್ಜಾತಿಯ ಅಥವಾ ಬಲಾಢ್ಯ ಮನೆಗಳಲ್ಲಿ. ಎಲ್ಲವೂ ವಂಶಪಾರಂಪರ್ಯ. ಊರಿನ ಗುಟ್ಟೆಲ್ಲ ಗೊತ್ತಿರೋನು ತಳವಾರ, ಆದರೆ ಅದನ್ನ ಬಾಯಿಬಿಟ್ಟು ಹೇಳೋ ಅಧಿಕಾರ ಪಟೇಲನದ್ದು. ಪಟೇಲನ ಮನೆಯ ಮಗನೇ ಕದ್ದಿದ್ದರೆ? ಹೆಜ್ಜೆಗುರುತು ಪಟೇಲನ ಹಿತ್ತಿಲಿಗೇ ಹೋಗಿದ್ದರೆ? ತಳವಾರ ಆ ಗುರುತನ್ನ ನೋಡಿಲ್ಲ ಅಂತಲೇ ಅರ್ಥ.

ಬ್ರಿಟಿಷರು ಬಂದ ಮೇಲೆ ಇದಕ್ಕೆ ಇನ್ನೊಂದು ಪದರ ಸೇರಿತು. ಪೂರ್ಣಯ್ಯನವರ ಕಾಲದಲ್ಲಿ ಕಂದಾಚಾರದ ಸಿಪಾಯಿಗಳು ಪೊಲೀಸ್ ಕೆಲಸವನ್ನೂ ಮಾಡ್ತಿದ್ರು. 1831ರಿಂದ ಐವತ್ತು ವರ್ಷ ಮೈಸೂರು ಕಮಿಷನರುಗಳ ಕೈಲಿತ್ತು. 1857ರ ದಂಗೆಯ ನಂತರ, 1861ರಲ್ಲಿ, ಬ್ರಿಟಿಷ್ ಇಂಡಿಯಾಗೆ ಪೊಲೀಸ್ ಕಾಯ್ದೆ ಬಂತು. ಅದೇ ದಶಕದಲ್ಲಿ ಆ ಮಾದರಿ ಮೈಸೂರಿಗೂ ಕಾಲಿಟ್ಟಿತು. ಸಂಸ್ಥಾನ ಒಡೆಯರಿಗೆ ಮರಳಿದ ಮೇಲೆ, 1885ರಲ್ಲಿ ಎಲ್. ರಿಕೆಟ್ಸ್ ಮೈಸೂರಿನ ಮೊದಲ ಪೊಲೀಸ್ ಮಹಾನಿರೀಕ್ಷಕರಾದರು. ಯೂನಿಫಾರಂ, ಠಾಣೆ, ಡೈರಿ, ಬ್ಯಾರಕ್ಕು ಎಲ್ಲಾ ಬಂತು.

ಆದರೆ ಠಾಣೆ ಇದ್ದದ್ದು ಕಸಬಾದಲ್ಲಿ, ಹಳ್ಳಿಗಳಲ್ಲಿ ಅಲ್ಲ. ಪ್ರತಿ ಹಳ್ಳಿಗೂ ಸಂಬಳದ ಪೇದೆ ಇಡೋಷ್ಟು ದುಡ್ಡು ಯಾವ ಸರ್ಕಾರದ ಹತ್ತಿರವೂ ಇರಲಿಲ್ಲ, ಇಡೋ ಮನಸ್ಸೂ ಇರಲಿಲ್ಲ. ಪುಕ್ಕಟೆ ಕಾವಲುಗಾರ ಇರುವಾಗ ಯಾಕೆ ಇಡ್ತಾರೆ? 1898ರ ದಂಡ ಪ್ರಕ್ರಿಯಾ ಸಂಹಿತೆಯ 45ನೇ ಕಲಮು ಹಳ್ಳಿಯ ಮುಖ್ಯಸ್ಥ, ಕಾವಲುಗಾರ ಇವರ ಮೇಲೆ ಒಂದು ಕಟ್ಟುಪಾಡು ಹಾಕಿತು. ಊರಲ್ಲಿ ಕಳವು ಮಾಲು ಕೊಳ್ಳೋರಿದ್ದರೆ ಹೇಳಬೇಕು. ಠಕ್ಕ, ದರೋಡೆಕೋರ, ತಪ್ಪಿಸಿಕೊಂಡ ಕೈದಿ ಊರು ಹಾದುಹೋದರೆ ಹೇಳಬೇಕು. ಯಾರಾದರೂ ಇದ್ದಕ್ಕಿದ್ದಂತೆ ಅಥವಾ ಅಸಹಜವಾಗಿ ಸತ್ತರೆ ಹೇಳಬೇಕು. ಮೈಸೂರು ಸಂಸ್ಥಾನ ತಂದುಕೊಂಡ ಸಂಹಿತೆಯೂ ಇದೇ ಅಚ್ಚಿನದ್ದು. 1908ರಲ್ಲಿ ಮೈಸೂರು ಗ್ರಾಮಾಧಿಕಾರಗಳ ಕಾಯ್ದೆ ಬಂದು, ಪಟೇಲ, ಶಾನುಭೋಗರಿಂದ ಹಿಡಿದು ತಳಾರಿ, ತೋಟಿ, ನೀರಗಂಟಿವರೆಗಿನ ಈ ಪರಂಪರೆಯನ್ನೇ ಕಾನೂನು ಮಾಡಿತು.

ಅಲ್ಲಿಂದ ಹಳ್ಳಿಯ ಪೊಲೀಸ್ ಕೆಲಸ ಎರಡು ಹೋಳಾಯ್ತು. ಊರು ಗೊತ್ತಿದ್ದವನಿಗೆ ಅಧಿಕಾರ ಇಲ್ಲ. ಅಧಿಕಾರ ಇದ್ದವನಿಗೆ ಊರು ಗೊತ್ತಿಲ್ಲ. ಒಂದು ಅಸಹಜ ಸಾವಾದರೆ ಹೇಗೆ ನಡೀತಿತ್ತು ಅಂತ ಹಳಬರನ್ನ ಕೇಳಿ ನೋಡಿ. ಪಟೇಲರು ಚೀಟಿ ಬರೆಸ್ತಾರೆ. ತೋಟಿ ಅದನ್ನ ಹಿಡಿದು ಕಸಬಾದವರೆಗೆ ಓಡ್ತಾನೆ. ತಳವಾರ ಹೆಣದ ಹತ್ತಿರ ಕಾವಲು ಕೂರ್ತಾನೆ. ಪೊಲೀಸರು ಬಂದು ಪಂಚನಾಮೆ ಆಗೋವರೆಗೆ, ಅದು ಮಾರನೇ ದಿನವೇ ಆಗಲಿ, ಅವನು ಅಲ್ಲಿಂದ ಏಳೋ ಹಾಗಿಲ್ಲ. ಬಂದ ಸಾಹೇಬರಿಗೆ ಎಳನೀರು, ಕೋಳಿ ಹೊಂದಿಸೋದೂ ಅವನದ್ದೇ ಕೆಲಸ. ಬಿಟ್ಟಿ ಚಾಕರಿ ಅಂದ್ರೆ ಇದೇ.

*

ಈ ಎರಡು ಹೋಳಿನ ಫಲ ಏನಾಯ್ತು ಅಂತ ನೋಡೋಕೆ ಗೌರಿಬಿದನೂರು ಸೀಮೆಯವರು ಬಹಳ ದೂರ ಹೋಗಬೇಕಾಗಿಲ್ಲ. ವಿದುರಾಶ್ವತ್ಥ ಅದೇ ತಾಲ್ಲೂಕಿನಲ್ಲಿದೆ.

1938ರ ಏಪ್ರಿಲ್. ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು. ಸಂಸ್ಥಾನದ ಸರ್ಕಾರ ಕಾಂಗ್ರೆಸ್ ಬಾವುಟಕ್ಕೆ, ಸಭೆಗಳಿಗೆ ನಿಷೇಧ ಹಾಕಿತ್ತು. ವಿದುರಾಶ್ವತ್ಥದಲ್ಲಿ ಆಗ ಜಾತ್ರೆಯ ಹೊತ್ತು. ಅಶ್ವತ್ಥ ಕಟ್ಟೆ, ಸಾವಿರಾರು ನಾಗರಕಲ್ಲು, ಹರಕೆ ಹೊತ್ತು ಬಂದ ಹೆಂಗಸರು, ಮಕ್ಕಳು, ಮಂಡಕ್ಕಿ ಅಂಗಡಿ. ಆ ಜನಜಂಗುಳಿಯ ನಡುವೆ ಏಪ್ರಿಲ್ 25ರಂದು ಸತ್ಯಾಗ್ರಹಿಗಳು ಸಭೆ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಅಂತ ಜನರ ಲೆಕ್ಕ, ಸರ್ಕಾರ ಒಪ್ಪಿಕೊಂಡಿದ್ದು ಅದಕ್ಕಿಂತ ಬಹಳ ಕಮ್ಮಿ. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ಆ ಜಾಗಕ್ಕೆ ಹೆಸರು ಬಂತು. ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ಕೂತಿತು. ಸರ್ದಾರ್ ಪಟೇಲ್, ಕೃಪಲಾನಿ ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಮೇ ತಿಂಗಳಲ್ಲಿ ಒಪ್ಪಂದ ಆಗಿ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸೋಕೆ ಅನುಮತಿ ಸಿಕ್ಕಿತು.

ಈ ಘಟನೆಯನ್ನ ನಾವು ಸ್ವಾತಂತ್ರ್ಯ ಹೋರಾಟದ ಪಾಠವಾಗಿ ಓದ್ತೀವಿ, ಓದಲೇಬೇಕು. ಆದರೆ ಪೊಲೀಸ್ ಇತಿಹಾಸದ ಪಾಠವಾಗಿಯೂ ಒಂದ್ಸಲ ಓದಿ ನೋಡಿ. ಜಾತ್ರೆ ಕಾಯೋದು ಹಳ್ಳಿ ಕಾವಲಿನ ಅತ್ಯಂತ ಹಳೆಯ ಕೆಲಸಗಳಲ್ಲಿ ಒಂದು. ಯಾರು ಹರಕೆಗೆ ಬಂದವರು, ಯಾರು ಭಾಷಣಕ್ಕೆ ಬಂದವರು, ಯಾವ ಹುಡುಗ ಯಾರ ಮನೆಯವನು ಅಂತ ಸುತ್ತಮುತ್ತಲ ಊರಿನ ತಳಾರಿಗಳಿಗೆ ಗೊತ್ತಿರುತ್ತೆ. ಬಂದೂಕು ಹಿಡಿದು ಬಂದವರಿಗೆ ಕಂಡಿದ್ದು ಒಂದು ಗುಂಪು, ಅಷ್ಟೆ. ಗುಂಪಿಗೆ ಹೆಸರಿರಲ್ಲ. ಹೆಸರಿಲ್ಲದವರ ಮೇಲೆ ಗುಂಡು ಹಾರಿಸೋದು ಸುಲಭ. ತಳವಾರ ಇದ್ದಿದ್ದರೆ ಗುಂಡು ಹಾರ್ತಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಅಂಥ ಆಜ್ಞೆ ಬಂದಾಗ ಅವನ ಮಾತು ಕೇಳೋರು ಯಾರೂ ಇರ್ತಿರಲಿಲ್ಲ. ನನ್ನ ಮಾತು ಅದೇ.

ನಾಲ್ಕು ವರ್ಷದ ನಂತರ ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ ಇದೇ ಪ್ರಶ್ನೆ ಉಲ್ಟಾ ಆಯ್ತು. ಅಲ್ಲಿ ಹಳ್ಳಿಯೇ ಪೊಲೀಸನ್ನ ನೇಮಿಸಿಕೊಳ್ತು. 1942ರ ಸೆಪ್ಟೆಂಬರ್‌ನಲ್ಲಿ ಊರು ತಾನು ಸ್ವತಂತ್ರ ಅಂತ ಸಾರಿಕೊಂಡಿತು. ಒಬ್ಬ ಹುಡುಗನನ್ನ ಅಮಲ್ದಾರ, ಇನ್ನೊಬ್ಬ ಹುಡುಗನನ್ನ ಸಬ್‌ಇನ್‌ಸ್ಪೆಕ್ಟರ್ ಅಂತ ಮಾಡಿಕೊಂಡಿತು. ಅದರಲ್ಲಿ ಅಣಕವೂ ಇತ್ತು, ಆಸೆಯೂ ಇತ್ತು. ನಮ್ಮ ಮೇಲೆ ಅಧಿಕಾರ ಮಾಡೋನು ನಮ್ಮ ಕಣ್ಮುಂದೆ ಬೆಳೆದವನಾಗಿರಲಿ ಅನ್ನೋ ಆಸೆ. ಆಮೇಲೆ ನಿಜವಾದ ಅಮಲ್ದಾರ, ನಿಜವಾದ ಸಬ್‌ಇನ್‌ಸ್ಪೆಕ್ಟರ್ ಪೊಲೀಸರ ಜೊತೆ ಬಂದರು, ಗಲಾಟೆಯಲ್ಲಿ ಅವರಿಬ್ಬರೂ ಸತ್ತರು. ಊರು ಅದಕ್ಕೆ ಭಾರೀ ಬೆಲೆ ತೆತ್ತಿತು. 1943ರ ಮಾರ್ಚ್‌ನಲ್ಲಿ ಈಸೂರಿನ ಐವರು ಗಲ್ಲಿಗೇರಿದರು. ಹೊರಗಿನ ಪೊಲೀಸ್ ಮತ್ತು ಒಳಗಿನ ಹಳ್ಳಿ ಮುಖಾಮುಖಿ ಆದಾಗ ನಡುವೆ ನಿಂತು ಮಾತಾಡೋಕೆ ಯಾರೂ ಇಲ್ಲದಿದ್ದರೆ ಏನಾಗುತ್ತೆ ಅಂತ ಈ ಎರಡು ಊರು ಎರಡು ಕಡೆಯಿಂದ ತೋರಿಸಿದವು.

*

ಸ್ವಾತಂತ್ರ್ಯ ಬಂದ ಮೇಲೆ ಈ ಪರಂಪರೆಯನ್ನ ಕಿತ್ತುಹಾಕಲೇಬೇಕಿತ್ತು. ಅದರ ಕೂಗು ಮೊದಲು ಎದ್ದಿದ್ದು ಮುಂಬೈ ಪ್ರಾಂತ್ಯದಲ್ಲಿ. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರವೂ ಆಗ ಅದರಲ್ಲೇ ಇದ್ದವು. ಅಲ್ಲಿ ನಡೀತಿದ್ದದ್ದು 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ. 1928ರಲ್ಲಿ ಅಂಬೇಡ್ಕರ್ ಅದಕ್ಕೆ ತಿದ್ದುಪಡಿ ಮಸೂದೆ ತಂದರು. ಒಂದು ತುಂಡು ವತನ್ ಜಮೀನಿಗಾಗಿ ಮಹಾರ್ ಕುಟುಂಬಗಳು ಹಗಲು ರಾತ್ರಿ ಸರ್ಕಾರಕ್ಕೂ ಊರಿಗೂ ಚಾಕರಿ ಮಾಡಬೇಕಾದ್ದನ್ನ ಅವರು ಗುಲಾಮಗಿರಿ ಅಂತಲೇ ನೋಡಿದರು. ಕಾವಲು ಬೇಕಾದ್ರೆ ಸಂಬಳ ಕೊಡಿ, ಇಲ್ಲ ಬಿಡುಗಡೆ ಮಾಡಿ ಅನ್ನೋದು ಅದರ ಸಾರ. ಆ ಮಸೂದೆ ಪಾಸಾಗಲಿಲ್ಲ. ಆದರೆ ಪ್ರಶ್ನೆ ಉಳೀತು.

ಮೈಸೂರು ರಾಜ್ಯ 1961ರಲ್ಲಿ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ ಮಾಡಿತು. ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಆ ದಿನ ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ, ತೋಟಿ, ನೀರಗಂಟಿ ಎಲ್ಲವೂ ಒಟ್ಟಿಗೆ ಹೋದವು. ಗಡಿಯ ಆಚೆ ಹಿಂದೂಪುರದ ಕಡೆ ಮುನಸಬು, ಕರಣಂ ಇನ್ನೂ ಇಪ್ಪತ್ತೊಂದು ವರ್ಷ ಉಳಿದಿದ್ರು. ಎನ್.ಟಿ. ರಾಮರಾವ್ ಸರ್ಕಾರ 1984ರಲ್ಲಿ ಅವನ್ನ ತೆಗೆದುಹಾಕಿತು. ಅದೇ ರಾಮರಾವ್ ಮರುವರ್ಷ ಹಿಂದೂಪುರದಿಂದಲೇ ಗೆದ್ದರು.

ಕಾಯ್ದೆ ಒಳ್ಳೆಯದೇ. ಆದರೆ ಒಂದೇ ಏಟಿಗೆ ಎಲ್ಲರಿಗೂ ಒಂದೇ ನ್ಯಾಯ ಆಗಲಿಲ್ಲ. ಪಟೇಲರ ಹುದ್ದೆ ಹೋಯ್ತು, ಗೌಡಿಕೆ ಹೋಗಲಿಲ್ಲ. ಎಷ್ಟೋ ಊರಲ್ಲಿ ಅವರ ಮಕ್ಕಳೇ ಪಂಚಾಯಿತಿ ಚೇರ್ಮನ್ ಆದರು. ಶಾನುಭೋಗರ ಜಾಗಕ್ಕೆ ಗ್ರಾಮ ಲೆಕ್ಕಿಗ ಅಂತ ಸರ್ಕಾರಿ ಹುದ್ದೆ ಬಂತು. ತಳವಾರನ ಜಾಗಕ್ಕೆ? ಯಾರೂ ಬರಲಿಲ್ಲ. ಅವನಿಗೆ ಸಿಕ್ಕಿದ್ದು ಹಳೇ ಇನಾಂ ಜಮೀನನ್ನ ಹಣ ಕಟ್ಟಿ ಮರುಮಂಜೂರು ಮಾಡಿಸಿಕೊಳ್ಳೋ ಹಕ್ಕು. ಹಣ ಎಲ್ಲಿತ್ತು? ಅರ್ಜಿ ಬರೆಯೋಕೆ ಬರ್ತಿತ್ತಾ? ಮಂಜೂರಾದ ಜಮೀನೂ ಬೇಗ ಬೇರೆಯವರ ಕೈ ಸೇರ್ತಿದೆ ಅಂತ ಗೊತ್ತಾಗಿ 1978ರಲ್ಲಿ ಹದಿನೈದು ವರ್ಷ ಪರಭಾರೆ ಮಾಡಬಾರದು ಅಂತ ತಿದ್ದುಪಡಿ ತಂದರು. ಇವತ್ತಿಗೂ ‘ತೋಟಿ ಇನಾಂತಿ’, ‘ತಳವಾರಿ ಇನಾಂತಿ’ ಅನ್ನೋ ಹೆಸರಲ್ಲಿ ತಾಲ್ಲೂಕು ಕಚೇರಿಗಳಲ್ಲಿ, ಕೋರ್ಟುಗಳಲ್ಲಿ ಕಟ್ಟುಗಟ್ಟಲೆ ಕಡತ ಇವೆ. ಊರು ಕಾದವನ ಮೊಮ್ಮಕ್ಕಳು ಊರು ಕಾದದ್ದಕ್ಕೆ ಸಾಕ್ಷಿ ಹುಡುಕಿಕೊಂಡು ಅಲೀತಿದಾರೆ. ಕಾರ್ಖಾನೆ, ಲೇಔಟು, ಹೆದ್ದಾರಿ ಬಂದು ಎಕರೆಯ ಬೆಲೆ ಏರಿದ ಕಡೆ ಈ ಅಲೆದಾಟ ಇನ್ನೂ ಜೋರು.

ಸರ್ಕಾರಕ್ಕೂ ಒಂದು ಖಾಲಿ ಜಾಗ ಉಳಿದಿದೆ ಅಂತ ಗೊತ್ತಿತ್ತು. 1964ರಲ್ಲೇ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂತು. ಊರಿಗೊಬ್ಬ ದಳಪತಿ, ಅವನ ಕೆಳಗೆ ಊರಿನದ್ದೇ ಯುವಕರು. ಕೆಲವು ಕಡೆ ನಡೀತು, ಬಹಳ ಕಡೆ ಕಾಗದದ ಮೇಲೇ ಉಳೀತು. ಸಂಬಳ ಇಲ್ಲದ ಕಾವಲನ್ನ ಒಮ್ಮೆ ರದ್ದು ಮಾಡಿ ಮತ್ತೆ ಸಂಬಳ ಇಲ್ಲದ ಕಾವಲನ್ನೇ ತಂದರೆ ಯಾರು ಬರ್ತಾರೆ? 2017ರ ಹೊತ್ತಿಗೆ ಹೊಸ ಬೀಟ್ ವ್ಯವಸ್ಥೆ ಬಂತು. ಒಬ್ಬೊಬ್ಬ ಪೇದೆಗೂ ಇಂತಿಷ್ಟು ಊರು, ಆ ಊರಿನ ಹೊಣೆ ಅವನದ್ದೇ, ಊರಿನವರ ಒಂದು ಪಟ್ಟಿ ಅವನ ಹತ್ತಿರ. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಅಂದ್ರು. ಎಲ್ಲದರ ಒಳಗೂ ಅದೇ ಹಳೇ ಆಸೆ ಇದೆ, ಊರು ಗೊತ್ತಿರೋ ಪೊಲೀಸ್ ಒಬ್ಬ ಬೇಕು ಅನ್ನೋದು. ಈ ಸಲ ಅವನಿಗೆ ಸಂಬಳ ಇದೆ ಅನ್ನೋದು ನಿಜಕ್ಕೂ ದೊಡ್ಡ ಮುನ್ನಡೆ. ಆದರೆ ಊರು ಕಲಿಯೋಕೆ ವರ್ಷಗಳು ಬೇಕು. ಊರು ಕಲಿಯೋ ಮುಂಚೆ ವರ್ಗಾವಣೆ ಬಂದರೆ, ಇರೋ ಹೊತ್ತೂ ಬಂದೋಬಸ್ತಿನಲ್ಲೇ ಕಳೆದರೆ, ಪಟ್ಟಿಯಲ್ಲಿರೋ ಹೆಸರಿಗೆ ಮುಖ ಹೇಗೆ ಬರಬೇಕು?

*

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ತಳವಾರ ಹೋದರೂ ಆ 45ನೇ ಕಲಮು ಸಾಯಲಿಲ್ಲ. 1973ರ ಸಂಹಿತೆಯಲ್ಲಿ ಅದು 40ನೇ ಕಲಮಾಗಿ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 34ನೇ ಕಲಮಾಗಿ ಕೂತಿದೆ. ಕಳವು ಮಾಲಿನ ವ್ಯಾಪಾರಿ, ದರೋಡೆಕೋರ, ತಲೆಮರೆಸಿಕೊಂಡವನು, ಅನುಮಾನದ ಸಾವು, ಇದೆಲ್ಲವನ್ನೂ ತಡಮಾಡದೆ ಹತ್ತಿರದ ಮ್ಯಾಜಿಸ್ಟ್ರೇಟಿಗೋ ಠಾಣೆಗೋ ತಿಳಿಸೋದು ‘ಗ್ರಾಮದ ವ್ಯವಹಾರಗಳಿಗೆ ಸಂಬಂಧಿಸಿದ ಅಧಿಕಾರಿ’ಯ ಕರ್ತವ್ಯ. ಆ ಅಧಿಕಾರಿ ಯಾರು? ಕಾನೂನೇ ಹೇಳುತ್ತೆ, ಗ್ರಾಮ ಪಂಚಾಯಿತಿಯ ಸದಸ್ಯ.

ಅಂದ್ರೆ ಕಾನೂನಿನ ಕಣ್ಣಲ್ಲಿ ನಮ್ಮೂರಿನ ಪ್ರತಿಯೊಬ್ಬ ಪಂಚಾಯಿತಿ ಮೆಂಬರೂ ಇವತ್ತು ಒಬ್ಬ ತಳವಾರ. ಮೀಸಲಾತಿಯಲ್ಲಿ ಗೆದ್ದ ಹೆಣ್ಣುಮಗಳೂ ತಳವಾರ, ಹಳೇ ಪಟೇಲರ ಮೊಮ್ಮಗನೂ ತಳವಾರ, ಹಳೇ ತೋಟಿಯ ಮೊಮ್ಮಗನೂ ತಳವಾರ. ಹುಟ್ಟಿನಿಂದ ಬರ್ತಿದ್ದ ಹೊಣೆ ಈಗ ವೋಟಿನಿಂದ ಬರುತ್ತೆ. ಇದಕ್ಕಿಂತ ಚೆಂದದ ತಿರುವನ್ನ ಯಾವ ಸೀರಿಯಲ್ ಬರಹಗಾರನೂ ಯೋಚಿಸಿರಲಾರ. ಆದರೆ ಈ ಹೊಣೆ ತಮಗಿದೆ ಅಂತ ಎಷ್ಟು ಮೆಂಬರುಗಳಿಗೆ ಗೊತ್ತು? ಬಾಲ್ಯವಿವಾಹವೋ, ಮರ್ಯಾದೆ ಹೆಸರಿನ ಕೊಲೆಯೋ, ನೇಣು ಅಂತ ಹೇಳಿ ಸುಟ್ಟುಬಿಟ್ಟ ಸೊಸೆಯ ಹೆಣವೋ, ಮೊದಲು ಗೊತ್ತಾಗೋದು ಊರಿನವರಿಗೆ. ಠಾಣೆಗೆ ಗೊತ್ತಾಗೋದು ಬೂದಿ ಆದಮೇಲೆ. ಹೆಜ್ಜೆಗುರುತು ಈಗಲೂ ಯಾರದ್ದೋ ದೊಡ್ಡವರ ಹಿತ್ತಿಲಿಗೆ ಹೋಗಿರುತ್ತೆ, ಈಗಲೂ ಅದನ್ನ ಯಾರೂ ನೋಡಿರಲ್ಲ. ಆಗಿನ ತಳವಾರನಿಗೆ ಬಾಯಿಬಿಡೋ ಧೈರ್ಯ ಇರಲಿಲ್ಲ ಅಂದ್ರೆ ಅವನ ಊಟ ಪಟೇಲನ ಕಣದಲ್ಲಿತ್ತು. ಇವತ್ತಿನ ಮೆಂಬರಿಗೆ ಆ ನೆಪ ಇಲ್ಲ.

ಇಂಗ್ಲೆಂಡಿನವರು ತಮ್ಮ ಹಳ್ಳಿ ಪೇದೆಯನ್ನ ಪ್ರೀತಿಯಿಂದ ನೆನೆಸಿಕೊಳ್ಳೋಕೆ ಆಗಿದ್ದು ಅವನಿಗೆ ಮಾಡಿದ ಅನ್ಯಾಯ ಏನೂ ನೆನಪಾಗದೇ ಇದ್ದಿದ್ದರಿಂದ. ನಮಗೆ ಹಾಗಾಗಲ್ಲ. ನಮ್ಮ ತಳವಾರನ ಕತೆ ಹೇಳೋಕೆ ಕೂತರೆ ಬಿಟ್ಟಿ ಚಾಕರಿ ಹೇಳಬೇಕು, ಜಾತಿ ಹೇಳಬೇಕು, ಇನಾಂತಿ ಜಮೀನು ಯಾರ ಕೈ ಸೇರಿತು ಅಂತ ಹೇಳಬೇಕು. ಭಾನುವಾರ ಸಂಜೆ ಕಾಫಿ ಜೊತೆ ನೋಡೋ ಕತೆ ಅಲ್ಲ ಅದು. ಅದಕ್ಕೇ ಯಾರೂ ಮಾಡಲಿಲ್ಲ ಅನ್ಸುತ್ತೆ. ಆದರೆ ಮಾಡಬೇಕಾದ ಕತೆ ಅದೇ.

ಟೀವಿಯವರು ಮಾಡೋವರೆಗೆ ನಾವು ಮಾಡಬಹುದಾದ ಒಂದು ಸಣ್ಣ ಕೆಲಸ ಇದೆ. ಮುಂದಿನ ಸಲ ಊರಿಗೆ ಹೋದಾಗ ವಿದುರಾಶ್ವತ್ಥದ ವೀರಸೌಧ ನೋಡಿ ಬನ್ನಿ. ಆಮೇಲೆ ನಿಮ್ಮೂರಿನ ತಳವಾರರ ಮನೆ ಯಾವುದಿತ್ತು ಅಂತ ಹಿರಿಯರನ್ನ ಕೇಳಿ. ಕೊನೆಯ ತಳವಾರನ ಹೆಸರೇನು, ಅವನಿಗೆ ಎಷ್ಟು ಆಯ ಸಿಗ್ತಿತ್ತು, ಯಾವ ಹೊಲ ಅವನ ಇನಾಂ ಆಗಿತ್ತು, ಈಗ ಅದು ಯಾರ ಹೆಸರಲ್ಲಿದೆ ಅಂತ ಬರೆದಿಟ್ಟುಕೊಳ್ಳಿ. 1963ರಲ್ಲಿ ಇಪ್ಪತ್ತು ವರ್ಷದವನಾಗಿದ್ದವನಿಗೆ ಈಗ ಎಂಬತ್ತು ದಾಟಿದೆ. ಕೇಳೋಕೆ ಬಹಳ ಟೈಮ್ ಉಳಿದಿಲ್ಲ.